ವಿಶ್ವೇಶ್ವರಯ್ಯನವರ ಮೊದಲ ಕೆಲಸ ಮತ್ತು ಭಟ್ಕಳದ ಬಂದರು

ನಮ್ಮ ಮಾರ್ಕ್ಸ್ ಕಾರ್ಡಿನ ಮೇಲೆ, ಯೂನಿವರ್ಸಿಟಿಯ ಹೆಸರಿನಲ್ಲೇ ಅವರಿದ್ದಾರೆ. ಸೆಪ್ಟೆಂಬರ್ 15 ಬಂತೆಂದರೆ ಫೋಟೋಗೆ ಹಾರ ಹಾಕ್ತೀವಿ, ಕನ್ನಂಬಾಡಿ ಕಟ್ಟೆಯ ಬಗ್ಗೆ ಭಾಷಣ ಕೇಳ್ತೀವಿ, ಟೀ ಕುಡಿದು ಹಾಸ್ಟೆಲ್‌ಗೆ ಹೋಗ್ತೀವಿ. ಆದರೆ ಡಿಗ್ರಿ ಮುಗಿದ ಮೇಲೆ ಕೆಲಸ ಎಲ್ಲಿ ಅನ್ನೋ ಪ್ರಶ್ನೆ ಫೈನಲ್ ಇಯರ್‌ನಲ್ಲಿ ನಮ್ಮನ್ನು ನಿದ್ದೆಗೆಡಿಸುತ್ತದಲ್ಲ, ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನು ಆ ಪ್ರಶ್ನೆ ಹಿಡಿದುಕೊಂಡೇ ಒಮ್ಮೆ ಓದಬೇಕು.

ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ತೂಗಿಸುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1881ರಲ್ಲಿ. ಆಗ ಮೈಸೂರು ಸಂಸ್ಥಾನದಲ್ಲಿ ಇಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಮೈಸೂರು ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟಿದ್ದರಿಂದ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. 1883ರಲ್ಲಿ ಪರೀಕ್ಷೆಯಲ್ಲಿ ಮೊದಲಿಗರಾದರು. ಅಲ್ಲಿ ಮೊದಲು ಬಂದವರಿಗೆ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ ಕಾದಿರುತ್ತಿತ್ತು. 1884ರಲ್ಲಿ ಕೆಲಸಕ್ಕೆ ಸೇರಿದರು. ಓದಿಸಿದ ಕಾಲೇಜಿಗೂ ಕೆಲಸ ಕೊಡುವ ಇಲಾಖೆಗೂ ನಡುವೆ ಮೊದಲೇ ಒಂದು ಒಪ್ಪಂದ ಇತ್ತು ಅಂತ ಆಯಿತು. ಅದಿಲ್ಲದಿದ್ದರೆ ಆ ಬಡಹುಡುಗನ ಬುದ್ಧಿ ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೋ!

ಮುಂದೆ ಖಾನ್‌ದೇಶದ ನೀರಾವರಿ, ಸಿಂಧ್‌ನ ಸಕ್ಕರ್ ಊರಿಗೆ ಕುಡಿಯುವ ನೀರು, 1903ರಲ್ಲಿ ಪುಣೆಯ ಹತ್ತಿರ ಖಡಕ್‌ವಾಸ್ಲಾ ಅಣೆಕಟ್ಟಿಗೆ ತನ್ನಷ್ಟಕ್ಕೆ ತೆರೆದುಕೊಳ್ಳುವ ಗೇಟು. ಕ್ಲಾಸಿನಲ್ಲಿ ಕಲಿತದ್ದು ಗಟ್ಟಿಯಾದದ್ದು ಸೈಟಿನಲ್ಲಿ. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆದರು, 1912ರಲ್ಲಿ ದಿವಾನರು.

ದಿವಾನರಾದಾಗ ಅವರ ಎದುರಿಗಿದ್ದದ್ದು ಎರಡು ಕೊರತೆ. ಕೆಲಸ ಕೊಡುವ ಕಾರ್ಖಾನೆಗಳಿಲ್ಲ, ಕಾರ್ಖಾನೆ ನಡೆಸಬಲ್ಲ ಹುಡುಗರನ್ನು ತಯಾರು ಮಾಡುವ ಕಾಲೇಜಿಲ್ಲ. ಒಂದಾದ ಮೇಲೆ ಇನ್ನೊಂದು ಅಂತ ಅವರು ಕಾಯಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಅದೇ ಹೊತ್ತಿಗೆ ಬ್ಯಾಂಕು, ಗಂಧದೆಣ್ಣೆ, ಸಾಬೂನು.

ಗಂಧದೆಣ್ಣೆಯ ಕಥೆ ನೋಡಿ. 1914ರಲ್ಲಿ ಮಹಾಯುದ್ಧ ಶುರುವಾಗಿ ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಮರ ಇಲ್ಲೇ ಉಳಿದುಬಿಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಲ್ಯಾಬಿನಲ್ಲಿ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಸರ್ಕಾರ ಕಾರ್ಖಾನೆಯನ್ನೇ ತೆರೆಯಿತು. ಸಾಬೂನು ಮಾಡುವುದನ್ನು ಕಲಿಯಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದರು. ಮೈಸೂರ್ ಸ್ಯಾಂಡಲ್ ಸೋಪು ಬಂದದ್ದು ಹೀಗೆ. ಪ್ರಯೋಗಾಲಯ, ಸರ್ಕಾರ, ಕಾರ್ಖಾನೆ ಮೂರೂ ಒಂದೇ ಗೆರೆಯ ಮೇಲೆ ನಿಂತಿದ್ದವು.

ಈ ಲೆಕ್ಕದಲ್ಲಿ ನಮ್ಮ ಕರಾವಳಿಯೂ ಇತ್ತು. ಮೈಸೂರಿಗೆ ಸಮುದ್ರವಿಲ್ಲ, ಮಾಡಿದ ಸರಕು ಹೊರಗೆ ಹೋಗುವುದೆಲ್ಲಿಂದ? ಭಟ್ಕಳದಲ್ಲಿ ಬಂದರು ಕಟ್ಟಿಸಿ, ಘಟ್ಟ ಇಳಿಸಿ ಅಲ್ಲಿಗೆ ರೈಲು ತರಬೇಕು ಅನ್ನುವುದು ವಿಶ್ವೇಶ್ವರಯ್ಯನವರ ಯೋಜನೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ಎಲ್ಲವೂ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಅವರಿಗೆ ಮೊದಲ ನೌಕರಿ ಕೊಟ್ಟ ಅದೇ ಪ್ರಾಂತ್ಯ. ಆ ಬಂದರೂ ಬರಲಿಲ್ಲ, ಘಟ್ಟದ ರೈಲೂ ಬರಲಿಲ್ಲ. 1918ರಲ್ಲಿ ಅವರು ದಿವಾನಗಿರಿ ಬಿಟ್ಟರು.

ಬಿಟ್ಟರೂ ಕೈಕಟ್ಟಿ ಕೂತವರಲ್ಲ. 1923ರಲ್ಲಿ ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಹೊರದೇಶದ ಪರಿಣತರನ್ನೇ ನೆಚ್ಚಿಕೊಳ್ಳದೆ ಇಲ್ಲಿಯವರನ್ನೇ ತಯಾರು ಮಾಡಿದರು. ಆ ದುಡಿಮೆಗೆ ತಮಗೆ ಸಲ್ಲಬೇಕಿದ್ದ ಹಣವನ್ನು ಮನೆಗೆ ಒಯ್ಯಲಿಲ್ಲ. ಕೈಕೆಲಸ ಕಲಿಸುವ ಸಂಸ್ಥೆಗೆ ಬಳಸಿ ಅಂದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅದೇ. ಅದಕ್ಕೆ ತಮ್ಮ ಹೆಸರನ್ನೂ ಇಡಿಸಿಕೊಳ್ಳಲಿಲ್ಲ. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ಕೊನೆಗೂ ನಮ್ಮ ಕಡೆಗೆ ರೈಲು ಬಂತು, ಘಟ್ಟದಿಂದಲ್ಲ, ಕಡಲ ಪಕ್ಕದಿಂದ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಯಿತು. ಕುಮಟಾ, ಹೊನ್ನಾವರ, ಭಟ್ಕಳ ಮೂರು ಕಡೆಯೂ ಸ್ಟೇಷನ್ ಇದೆ. ಆ ಮನುಷ್ಯ ರೈಲು ಕೇಳಿದ್ದು ಸರಕು ಸಾಗಿಸೋಕೆ. ನಾವು ಅದನ್ನು ಹತ್ತುವುದು ಹೆಚ್ಚಾಗಿ ಕೆಲಸ ಹುಡುಕಿಕೊಂಡು ಊರು ಬಿಡೋಕೆ.

ಬಿಡಬಾರದು ಅಂತಲ್ಲ, ಅವರೂ ಊರು ಬಿಟ್ಟವರೇ. ಆದರೆ ಬಿಡುವ ಮುಂಚೆ ಒಮ್ಮೆ ಸುತ್ತ ನೋಡೋಣ. ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿಯ 240 ಮೆಗಾವ್ಯಾಟ್ ವಿದ್ಯುದಾಗಾರವಿದೆ. ಕುಮಟಾ ತಾಲೂಕಿನ ತದಡಿಯಲ್ಲಿ, ಭಟ್ಕಳದಲ್ಲಿ ಮೀನುಗಾರಿಕೆ ಬಂದರುಗಳಿವೆ. ಬೋಟಿನ ಇಂಜಿನ್ ಕೆಡುತ್ತದೆ, ಮೀನಿಗೆ ಐಸ್ ಬೇಕು. ಇಲ್ಲೆಲ್ಲ ಮೆಕ್ಯಾನಿಕಲ್, ಇಲೆಕ್ಟ್ರಿಕಲ್, ಸಿವಿಲ್ ಎಲ್ಲದಕ್ಕೂ ಕೆಲಸ ಇದೆ, ಕಲಿಯೋಕಂತೂ ಬೇಕಾದಷ್ಟಿದೆ. ನಮ್ಮ ಇಂಟರ್ನ್‌ಶಿಪ್ ಮಾತ್ರ ಎಷ್ಟೋ ಸಲ ಆನ್‌ಲೈನ್ ಸರ್ಟಿಫಿಕೇಟಿನಲ್ಲೇ ಮುಗಿದುಹೋಗುತ್ತದೆ. ಕಾಲೇಜು ಹೋಗಿ ಬಾಗಿಲು ತಟ್ಟಬೇಕು, ಕೆಲಸ ಕೊಡುವವರು ಬಾಗಿಲು ತೆಗೆಯಬೇಕು, ನಾವು ಒಳಗೆ ಹೋಗಿ ಕೈ ಕೆಸರು ಮಾಡಿಕೊಳ್ಳಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಭಟ್ಕಳದ ಬಂದರಿನ ಹಾಗೆ ಕಾಗದದಲ್ಲೇ ಉಳಿಯುತ್ತದೆ.

ಈ ಸಲ ಸೆಪ್ಟೆಂಬರ್ 15ಕ್ಕೆ ಹಾರ ಹಾಕೋಣ. ಟೀ ಕುಡಿದ ಮೇಲೆ, ಎಲ್ಲಿಗೆ ಹೋಗಿ ಬಾಗಿಲು ತಟ್ಟುವುದು ಅಂತ ಒಂದು ಪಟ್ಟಿಯನ್ನೂ ಮಾಡೋಣ.