ಡಾಕ್ಟರ್ ಆಗದ ಬ್ರಾಡ್‌ಫೋರ್ಡ್ ಹಿಲ್

ನಾನು ಕಾಮರ್ಸ್‌ಗೆ ಸೇರಿದ್ದು ನಮ್ಮ ದಾದಿಗೆ ಇಷ್ಟವಿರಲಿಲ್ಲ. (ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾನ ತಾಯಿ. ಕನ್ನಡದಲ್ಲಿ ಅದೇ ಶಬ್ದಕ್ಕೆ ನರ್ಸ್ ಎಂಬ ಅರ್ಥವಿದೆ ಎಂದು ನನಗೆ ಗೊತ್ತಾದದ್ದು ಐದನೇ ತರಗತಿಯಲ್ಲಿ.) ಮೊಮ್ಮಗಳು ಡಾಕ್ಟರ್ ಆಗಬೇಕು, ಇಲ್ಲವಾದರೆ ನರ್ಸ್ ಆದರೂ ಆಗಬೇಕು ಎಂಬುದು ಅವರ ಆಸೆ. ಅದಕ್ಕೆ ಕಾರಣವಿದೆ. ದಾದಿಯ ತಂಗಿಗೆ ಹೆರಿಗೆಯಾದ ರಾತ್ರಿ ರಕ್ತ ನಿಲ್ಲಲಿಲ್ಲ. ದೇಗಾಂವದಿಂದ ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೊರಟವರು ಅರ್ಧ ದಾರಿಯಿಂದಲೇ ತಿರುಗಿ ಬರಬೇಕಾಯಿತು. ಮಗು ಉಳಿಯಿತು. ಆ ಮಗುವನ್ನೇ ನಾನು ಈಗ ಫೂಫಿ ಎಂದು ಕರೆಯುತ್ತೇನೆ.

ಲೆಕ್ಕ ಬರೆಯುವವರಿಗೂ ಆಸ್ಪತ್ರೆಗೂ ಏನು ಸಂಬಂಧ ಎಂದು ದಾದಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ದ್ವಿತೀಯ ಪಿಯುಸಿಯಲ್ಲಿ ಯಾದೃಚ್ಛಿಕ ಸಂಖ್ಯೆಗಳ ಪಾಠ ಮಾಡುವಾಗ ನಮ್ಮ ಸಂಖ್ಯಾಶಾಸ್ತ್ರದ ಮೇಡಂ ಒಂದು ಹೆಸರು ಹೇಳಿದರು. ಆ ಮನುಷ್ಯನ ಬಗ್ಗೆ ಓದುತ್ತಾ ಹೋದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಹುಟ್ಟಿದ್ದು 1897ರ ಜುಲೈ 8ರಂದು, ಲಂಡನ್ನಿನಲ್ಲಿ. ತಂದೆ ಲಿಯೊನಾರ್ಡ್ ಹಿಲ್ ಹೆಸರಾದ ಶರೀರಶಾಸ್ತ್ರಜ್ಞರು. ಮಗನಿಗೂ ಡಾಕ್ಟರ್ ಆಗುವ ಆಸೆ ಇತ್ತು. ಆದರೆ ಮೊದಲನೇ ಮಹಾಯುದ್ಧ ಬಂತು. ನೌಕಾಪಡೆಯ ವಿಮಾನ ದಳ ಸೇರಿದ ಹಿಲ್‌ನನ್ನು ತುರ್ಕರ ವಿರುದ್ಧ ಯುದ್ಧ ನಡೆಯುತ್ತಿದ್ದ ಏಜಿಯನ್ ಸಮುದ್ರದ ಕಡೆಗೆ ಕಳಿಸಿದರು. ಅಲ್ಲಿ ಆತನಿಗೆ ಗುಂಡು ತಗಲಲಿಲ್ಲ, ಕ್ಷಯ ತಗಲಿತು. 1917ರಲ್ಲಿ ಮನೆಗೆ ಕಳಿಸಿಬಿಟ್ಟರು.

ಆಗ ಕ್ಷಯಕ್ಕೆ ಔಷಧವೇ ಇರಲಿಲ್ಲ. ಮಲಗುವುದು, ಗಾಳಿ ಸೇವಿಸುವುದು, ಕಾಯುವುದು, ಅಷ್ಟೇ. ಈ ಹುಡುಗ ಬಹಳ ದಿನ ಬದುಕುವುದಿಲ್ಲ ಎಂದುಕೊಂಡು ಸರಕಾರ ಪೂರ್ತಿ ಪಿಂಚಣಿ ಮಂಜೂರು ಮಾಡಿತು. ಆ ಪಿಂಚಣಿಯನ್ನು ಹಿಲ್ ಎಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡರು! ಅಕೌಂಟೆನ್ಸಿ ಓದುವ ನನಗೆ ಇದು ಬಹಳ ಇಷ್ಟವಾದ ಸಂಗತಿ.

ವೈದ್ಯಕೀಯ ಕಾಲೇಜಿಗೆ ಹೋಗುವ ಶಕ್ತಿ ದೇಹದಲ್ಲಿ ಉಳಿದಿರಲಿಲ್ಲ. ಆದ್ದರಿಂದ ಹಿಲ್ ಅಂಚೆ ಮೂಲಕ ಓದಿ 1922ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವಿ ಪಡೆದರು. ನಮ್ಮ ವಿಷಯವೇ! ಆಮೇಲೆ ತಂದೆಯ ಪರಿಚಯದ ಮೇಜರ್ ಗ್ರೀನ್‌ವುಡ್ ಎಂಬವರು ದಾರಿ ತೋರಿಸಿದರು. ಮೇಜರ್ ಎನ್ನುವುದು ಅವರ ಹೆಸರೇ ಹೊರತು ಸೈನ್ಯದ ಹುದ್ದೆಯಲ್ಲ. ನಾನೂ ಮೊದಲು ತಪ್ಪು ತಿಳಿದಿದ್ದೆ. ಹಿಲ್‌ಗೆ ಸಿಕ್ಕ ಮೊದಲ ಕೆಲಸಗಳಲ್ಲಿ ಒಂದು, ಎಸೆಕ್ಸ್ ಎಂಬ ಜಿಲ್ಲೆಯ ಹಳ್ಳಿಗಳಲ್ಲಿ ಹರೆಯದವರ ಮರಣ ಪ್ರಮಾಣ ಯಾಕೆ ಜಾಸ್ತಿ ಎಂದು ನೋಡುವುದು. ಊರು ಬಿಟ್ಟು ಪಟ್ಟಣಕ್ಕೆ ಹೋಗುವವರು ಯಾರು, ಊರಲ್ಲೇ ಉಳಿಯುವವರು ಯಾರು ಎಂದು ಅವರು ಲೆಕ್ಕ ಹಾಕಿದರು. ನಮ್ಮ ಓಣಿಯಲ್ಲೂ ಗಟ್ಟಿಮುಟ್ಟಾದ ಹುಡುಗರೆಲ್ಲ ಗೋವಾ, ಬೆಂಗಳೂರು ಸೇರಿದ್ದಾರೆ.

1933ರಲ್ಲಿ ಹಿಲ್ ಲಂಡನ್ ಸ್ಕೂಲ್ ಆಫ್ ಹೈಜೀನ್ ಸೇರಿದರು. ಅದು ಲಂಡನ್ ವಿಶ್ವವಿದ್ಯಾಲಯದ ಭಾಗ. ಅಲ್ಲಿಯೇ ಸರಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಖ್ಯಾಶಾಸ್ತ್ರ ಘಟಕ ಇತ್ತು. ರೋಗಿಯ ಹಾಸಿಗೆ ಇಲ್ಲ, ಔಷಧದ ಬಾಟಲಿ ಇಲ್ಲ, ಬರೀ ಕಾಗದ, ಕೋಷ್ಟಕ, ಲೆಕ್ಕದ ಯಂತ್ರ. 1945ರಲ್ಲಿ ಗ್ರೀನ್‌ವುಡ್ ನಿವೃತ್ತರಾದಾಗ ಹಿಲ್ ಆ ಘಟಕದ ಮುಖ್ಯಸ್ಥರಾದರು.

ಆಗ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಬಂದಿತ್ತು. ಯುದ್ಧದಿಂದ ಬಡವಾಗಿದ್ದ ಬ್ರಿಟನ್ ಬಳಿ ಡಾಲರ್ ಇರಲಿಲ್ಲ, ಆದ್ದರಿಂದ ಸಿಕ್ಕಿದ್ದು ಸ್ವಲ್ಪವೇ ಔಷಧ. ಅದನ್ನು ಯಾರಿಗೆ ಕೊಡುವುದು? ವಶೀಲಿ ಇದ್ದವರಿಗೋ, ಡಾಕ್ಟರರಿಗೆ ಬೇಕಾದವರಿಗೋ? ಹಿಲ್ ಬೇರೆ ದಾರಿ ಹಿಡಿದರು. ಯಾದೃಚ್ಛಿಕ ಸಂಖ್ಯೆಗಳ ಪ್ರಕಾರ ಚೀಟಿ ಬರೆದು ಲಕೋಟೆಯಲ್ಲಿಟ್ಟು ಅಂಟಿಸಿದರು. ರೋಗಿ ಸೇರಿದ ಮೇಲೆಯೇ ಲಕೋಟೆ ಒಡೆಯಬೇಕು. ಡಾಕ್ಟರರ ದಯೆಗೂ ಅಲ್ಲಿ ಜಾಗವಿಲ್ಲ, ಮೋಸಕ್ಕೂ ಇಲ್ಲ. ಒಟ್ಟು 107 ರೋಗಿಗಳು. 55 ಮಂದಿಗೆ ಔಷಧ ಮತ್ತು ವಿಶ್ರಾಂತಿ, 52 ಮಂದಿಗೆ ಬರೀ ವಿಶ್ರಾಂತಿ. ಆರು ತಿಂಗಳಲ್ಲಿ ಔಷಧ ಪಡೆದವರಲ್ಲಿ 4 ಜನ ತೀರಿಕೊಂಡರು, ಉಳಿದವರಲ್ಲಿ 14 ಜನ. 1948ರಲ್ಲಿ ಇದು ಪ್ರಕಟವಾಯಿತು.

ಇಲ್ಲಿ ನನಗೆ ಒಂದು ಮಾತು ಚುಚ್ಚುತ್ತದೆ. ಬರೀ ವಿಶ್ರಾಂತಿ ಪಡೆದವರಿಗೆ, ತಾವು ಇಂಥ ಪರೀಕ್ಷೆಯಲ್ಲಿ ಇದ್ದೇವೆ ಎಂದು ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಕೊಡುವಷ್ಟು ಔಷಧ ಇರಲಿಲ್ಲ ಎನ್ನುವುದು ನಿಜ. ಆದರೂ ಹೇಳಬೇಕಿತ್ತು ಎಂದು ನನ್ನ ಅಭಿಪ್ರಾಯ. ಈಗ ಹಾಗೆ ಮಾಡುವಂತಿಲ್ಲ, ಮೊದಲು ಒಪ್ಪಿಗೆ ಕೇಳಬೇಕು.

ಅದೇ ಪದ್ಧತಿಯಲ್ಲಿ 1956ರಿಂದ ಮದ್ರಾಸಿನಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಕ್ಷಯ ರೋಗಿ ಆಸ್ಪತ್ರೆಯಲ್ಲೇ ಮಲಗಬೇಕೇ, ಮನೆಯಲ್ಲಿದ್ದು ಮಾತ್ರೆ ನುಂಗಿದರೆ ಸಾಕೇ ಎಂಬ ಪ್ರಶ್ನೆ. ಮನೆಯೇ ಸಾಕು ಎಂದು ಗೊತ್ತಾಯಿತು. ನನ್ನ ಮಾಮು ಎರಡು ವರ್ಷದ ಹಿಂದೆ ಆರು ತಿಂಗಳು ಮಾತ್ರೆ ನುಂಗಿ, ಮನೆಯಲ್ಲೇ ಇದ್ದು, ಈಗ ಮತ್ತೆ ಟೆಂಪೊ ಓಡಿಸುತ್ತಿದ್ದಾರೆ.

ಹಿಲ್ ಮತ್ತು ರಿಚರ್ಡ್ ಡಾಲ್ ಸೇರಿ ಮಾಡಿದ ಸಿಗರೇಟಿನ ಕೆಲಸ ಹೆಚ್ಚು ಪ್ರಸಿದ್ಧ. ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಸೇದದವರು ಇಬ್ಬರೇ, ಬೇರೆ ಕಾಯಿಲೆಯ 649 ಜನರಲ್ಲಿ 27. ಇದು 1950ರ ಮಾತು. ಮರುವರ್ಷ ಬ್ರಿಟನ್ನಿನ ಸುಮಾರು 60 ಸಾವಿರ ಡಾಕ್ಟರರಿಗೆ ಪತ್ರ ಬರೆದು, ನೀವು ಎಷ್ಟು ಸೇದುತ್ತೀರಿ ಎಂದು ಕೇಳಿದರು. ಸುಮಾರು 40 ಸಾವಿರ ಜನ ಉತ್ತರ ಕೊಟ್ಟರು. ಆಮೇಲೆ ಯಾರು ಯಾವಾಗ ಯಾವ ಕಾಯಿಲೆಯಿಂದ ಸತ್ತರು ಎಂದು ದಾಖಲೆ ಇಡುತ್ತಾ ಹೋದರು, 50 ವರ್ಷ! ಹಿಲ್ ನಂತರ ಘಟಕವನ್ನು ನೋಡಿಕೊಂಡ ಡಾಲ್ 1969ರಲ್ಲಿ ಆಕ್ಸ್‌ಫರ್ಡಿಗೆ ಹೋದರು, ಕೆಲಸವೂ ಅವರ ಹಿಂದೆ ಹೋಯಿತು. ಸೇದುವವರು ಸುಮಾರು ಹತ್ತು ವರ್ಷ ಬೇಗ ಸಾಯುತ್ತಾರೆ ಎಂಬ ಲೆಕ್ಕ ಬಂದದ್ದು ಅದರಿಂದಲೇ. ಇದನ್ನು ನಮ್ಮ ಚಾಚಾಗೆ ಓದಿ ಹೇಳಿದೆ. ಕೇಳಿ ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ಹಿಲ್‌ಗೆ 1961ರಲ್ಲಿ ಸರ್ ಪದವಿ ಬಂತು. 1991ರ ಏಪ್ರಿಲ್ 18ರಂದು, 93ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಅವರು ಡಾಕ್ಟರ್ ಆಗಲಿಲ್ಲ.

ಇಷ್ಟನ್ನು ಓದಿ ಮುಗಿಸಿದಾಗ, ಇದೆಲ್ಲ ವಿಲಾಯತಿನ ಕಥೆ ಎಂದುಕೊಂಡಿದ್ದೆ. ನಮ್ಮ ಬೆಳಗಾವಿಯಲ್ಲೇ ಅಂಥ ಘಟಕ ಇದೆ ಎಂದು ಮೇಡಂ ಹೇಳಿದರು. ಕೆಎಲ್‌ಇ ವಿಶ್ವವಿದ್ಯಾಲಯದ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನಲ್ಲಿ ತಾಯಿ ಮಕ್ಕಳ ಆರೋಗ್ಯದ ಸಂಶೋಧನಾ ಘಟಕ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದವರ ಜೊತೆ ಸೇರಿ ಅವರು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯಾದ ಕೂಡಲೇ ಎಎನ್‌ಎಂ ಅಕ್ಕ ಬಾಣಂತಿಗೆ ಮಾತ್ರೆ ನುಂಗಿಸಬೇಕು. ಕೆಲವರ ಮಾತ್ರೆಯಲ್ಲಿ ಮಿಸೊಪ್ರೊಸ್ಟಾಲ್ ಎಂಬ ಔಷಧ, ಉಳಿದವರದರಲ್ಲಿ ಏನೂ ಇಲ್ಲ. ಯಾರದ್ದು ಯಾವುದು ಎಂದು ಅಕ್ಕನಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ. ಹಿಲ್‌ನ ಲಕೋಟೆಯೇ ಇದು! ಈ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ, ಡಾಕ್ಟರೂ ಎದುರಿಗೆ ಇರಬೇಕಿಲ್ಲ.

ಒಟ್ಟು 1,620 ತಾಯಂದಿರು. ರಕ್ತ ಎಷ್ಟು ಹೋಯಿತೆಂದು ಅಂದಾಜಿನಲ್ಲಿ ಹೇಳದೆ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಗೆರೆ ಎಳೆದ ಚೀಲದಲ್ಲಿ ಹಿಡಿದು ಅಳೆದರು. ಔಷಧ ಇಲ್ಲದವರಲ್ಲಿ ನೂರಕ್ಕೆ 12 ಜನರಿಗೆ ಅತಿಯಾದ ರಕ್ತಸ್ರಾವವಾಯಿತು, ಔಷಧ ಪಡೆದವರಲ್ಲಿ 6.4. ಅಂದರೆ ಹದಿನೆಂಟು ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. ಇದನ್ನು ನಾನೇ ಭಾಗಾಕಾರ ಮಾಡಿ ನೋಡಿದೆ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ರಾತ್ರಿ ಊಟವಾದ ಮೇಲೆ ದಾದಿಗೆ ಇದನ್ನೆಲ್ಲ ಉರ್ದುವಿನಲ್ಲಿ ಹೇಳಿದೆ. ಹಿಲ್‌ನ ಕಥೆಗೆ ಅವರು ತೂಕಡಿಸಿದರು. ಪ್ಲಾಸ್ಟಿಕ್ ಚೀಲದ ಮಾತು ಬಂದಾಗ ಎದ್ದು ಕೂತರು. ಎಷ್ಟು ರಕ್ತ ಹೋದರೆ ಅತಿ ಎನ್ನುತ್ತಾರೆ ಎಂದು ಕೇಳಿದರು. ಅರ್ಧ ಲೀಟರ್ ಎಂದೆ. ದಾದಿ ಒಳಗೆ ಹೋಗಿ ಹಾಲು ಅಳೆಯುವ ಅರ್ಧ ಲೀಟರಿನ ಮಾಪು ತಂದರು. ಅದನ್ನು ಕೈಯಲ್ಲಿ ಹಿಡಿದು, ಒಳಗೆ ನೋಡುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ, ತಂಗಿಯದು ಇದರ ಮೂರು ನಾಲ್ಕರಷ್ಟು ಇದ್ದಿರಬೇಕು ಎಂದರು. ಆ ಮಾತ್ರೆ ಈಗ ನಮ್ಮ ಊರಿಗೂ ಬರುತ್ತದೆಯೇ, ನಾಳೆ ಆಶಾ ಅಕ್ಕನನ್ನು ಕೇಳಿಕೊಂಡು ಬಾ ಎಂದು ನನಗೆ ಹೇಳಿದರು.