ನರಗಳ ಕಡವನ್ನು ಕಂಡ ಆಟೊ ಲೋವಿ

ಹೊಳೆಗಳಿಗೆ ಸೇತುವೆಗಳಿಲ್ಲದಿದ್ದ ಕಾಲದಲ್ಲಿ ಸಾಸ್ತಾನದ ಸುತ್ತಣ ಕರಾವಳಿಯ ಪಯಣಿಗನು ಎಷ್ಟೇ ವೇಗದಿಂದ ನಡೆದು ಬಂದರೂ ದಡದಲ್ಲಿ ನಿಲ್ಲಲೇಬೇಕಾಗಿತ್ತು. ಅಲ್ಲಿಂದ ಮುಂದಕ್ಕೆ ಕಡವಿನ ದೋಣಿಯೇ ಗತಿ. ಮಾನವದೇಹದ ನರಗಳ ವ್ಯವಹಾರವೂ ಇದೇ ತೆರನಾದುದು. ನರತಂತುವಿನಲ್ಲಿ ವಿದ್ಯುದ್ರೂಪದಿಂದ ಧಾವಿಸಿ ಬಂದ ಸಂದೇಶವು ತುದಿಯಲ್ಲಿ ನಿಲ್ಲುತ್ತದೆ. ಮುಂದಿನ ಕೋಶಕ್ಕೂ ಅದಕ್ಕೂ ನಡುವೆ ಒಂದು ಮಿಲಿಮೀಟರಿನ ಸುಮಾರು 50,000ದಲ್ಲಿ ಒಂದು ಪಾಲಿನಷ್ಟು ಅಂತರವುಂಟು. ಸಿನಾಪ್ಸ್ ಎಂದು ಹೆಸರಾದ ಈ ನರಸಂಧಿಯನ್ನು ಬಹುಮಟ್ಟಿಗೆ ದಾಟಿಸುವ ದೋಣಿಯು ಒಂದು ರಾಸಾಯನಿಕ ದ್ರವ್ಯ. ನರವು ಇಂತಹ ದ್ರವ್ಯದಿಂದಲೇ ಕೆಲಸ ಮಾಡಿಸುವುದೆಂಬುದನ್ನು ಪ್ರಯೋಗದಿಂದ ಸಿದ್ಧಪಡಿಸಿದ ಕೀರ್ತಿ ಆಟೊ ಲೋವಿಯವರದು.

ಲೋವಿಯವರು 1873ರ ಜೂನ್ 3ರಂದು ಜರ್ಮನಿಯ ಫ್ರಾಂಕ್‌ಫರ್ಟಿನ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ತಂದೆ ದ್ರಾಕ್ಷಾರಸದ ವ್ಯಾಪಾರಿ. ಬಾಲಕನ ಒಲವು ಕಲೆಯ ಇತಿಹಾಸದ ಕಡೆಗೆ, ಓದಿದ್ದು ವೈದ್ಯ. ಆಸ್ಪತ್ರೆಯಲ್ಲಿ ಕ್ಷಯ, ನ್ಯುಮೋನಿಯಾ ರೋಗಿಗಳು ಚಿಕಿತ್ಸೆಯಿಲ್ಲದೆ ಸಾಯುವುದನ್ನು ಕಂಡು ಮನನೊಂದು, ಔಷಧಶಾಸ್ತ್ರದ ಸಂಶೋಧನೆಗೆ ತಿರುಗಿದರು. 1909ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ನರವು ದ್ರವ್ಯವನ್ನು ಸೂಸುತ್ತಿರಬಹುದೆಂಬ ಊಹೆ ಅವರಿಗೆ 1903ರಷ್ಟು ಹಿಂದೆಯೇ ಹೊಳೆದಿತ್ತು. ಪರೀಕ್ಷಿಸುವ ಮಾರ್ಗ ಮಾತ್ರ ತೋರಲಿಲ್ಲ. ಹದಿನೇಳು ವರ್ಷಗಳ ತರುವಾಯ, 1920ರ ಈಸ್ಟರ್ ಹಬ್ಬದ ಸಮಯದಲ್ಲಿ, ಆ ಮಾರ್ಗವು ಕನಸಿನಲ್ಲಿ ಕಂಡಿತೆಂದು ಅವರೇ ಬರೆದಿಟ್ಟಿದ್ದಾರೆ. ನಡುರಾತ್ರಿ ಎದ್ದು ಗೀಚಿದ ಬರಹವು ಬೆಳಗ್ಗೆ ಓದಲಾಗಲಿಲ್ಲ! ಮರುರಾತ್ರಿ ಮೂರು ಗಂಟೆಗೆ ಕನಸು ಮತ್ತೆ ಬಂದಾಗ ಅವರು ನೇರವಾಗಿ ಪ್ರಯೋಗಶಾಲೆಗೆ ನಡೆದರು.

ಎರಡು ಕಪ್ಪೆಗಳ ಹೃದಯಗಳನ್ನು ಲವಣದ್ರವದಲ್ಲಿರಿಸಿದರು. ಮೊದಲನೆಯದರ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಲು ಅದರ ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಊಡಿದರು. ಯಾವ ನರವೂ ಮುಟ್ಟದಿದ್ದ ಆ ಎರಡನೆಯ ಹೃದಯವೂ ನಿಧಾನವಾಯಿತು. ದೋಣಿ ಸಿಕ್ಕಿತು.

ಕನಸಿನ ಕಥೆಯನ್ನು ಕೊಂಡಾಡುವವರು ಮುಂದಿನ ಶ್ರಮವನ್ನು ಮರೆಯುತ್ತಾರೆ. 1921ರಲ್ಲಿ ಫಲಿತಾಂಶ ಪ್ರಕಟವಾದಾಗ ನಂಬಿದವರು ಕೆಲವರೇ. ಮಾಡಿ ನೋಡಿ ಸೋತವರೂ ಇದ್ದರು. ಆ ದ್ರವ್ಯ ಅಸಿಟೈಲ್‌ಕೋಲಿನ್. ದೇಹದ ಕಿಣ್ವವೊಂದು ಅದನ್ನು ಕ್ಷಣಮಾತ್ರದಲ್ಲಿ ಒಡೆಯುತ್ತದೆಂಬುದನ್ನು ಲೋವಿಯವರೂ ಸಹೋದ್ಯೋಗಿ ನವ್ರಾಟಿಲರೂ 1926ರಲ್ಲಿ ತೋರಿದರು. ಇಂದು ರೈತನು ಗದ್ದೆಗೆ ಸಿಂಪಡಿಸುವ ಆರ್ಗನೊಫಾಸ್ಫೇಟ್ ಕೀಟನಾಶಕವು ಮೈಸೇರಿದರೆ ಪ್ರಾಣಾಂತಿಕವಾಗುವುದು ಈ ಕಿಣ್ವವನ್ನು ತಡೆಯುವುದರಿಂದಲೇ. ವೈದ್ಯರು ಅಟ್ರೊಪಿನ್ ಚುಚ್ಚುವುದು ಉಕ್ಕಿದ ಆ ದ್ರವ್ಯದ ಹಾವಳಿಯನ್ನು ತಡೆಯಲೆಂದು.

1936ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಅವರೊಡನೆ ನೊಬೆಲ್ ಪಾರಿತೋಷಕ ಬಂದಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1938ರ ಮಾರ್ಚಿಯಲ್ಲಿ, ನಾಜಿಗಳು ಆಸ್ಟ್ರಿಯವನ್ನು ಆಕ್ರಮಿಸಿದ ರಾತ್ರಿಯೇ ಅವರನ್ನು ಹಾಸಿಗೆಯಿಂದೆಬ್ಬಿಸಿ ಸೆರೆಗೆ ಒಯ್ದರು. ಇಬ್ಬರು ಗಂಡುಮಕ್ಕಳೂ ಬಂಧಿತರಾದರು. ತಮ್ಮನ್ನು ಕೊಲ್ಲುವರೆಂದೇ ಅರುವತ್ತನಾಲ್ಕರ ಆ ವೃದ್ಧರು ತಿಳಿದಿದ್ದರು. ಆಗ ಅವರು ಕಾವಲಿನವನಿಂದ ಬೇಡಿ ಪಡೆದದ್ದು ಒಂದು ಕಾರ್ಡು. ಅಪ್ರಕಟಿತವಾಗಿದ್ದ ಕೊನೆಯ ಪ್ರಯೋಗದ ಫಲವನ್ನು ಅದರಲ್ಲಿ ಬರೆದು ವಿಜ್ಞಾನಪತ್ರಿಕೆಗೆ ಟಪ್ಪಾಲಿಗೆ ಹಾಕಿಸಿದ ಮೇಲೆಯೇ ಮನಸ್ಸು ಹಗುರವಾಯಿತು.

ಎರಡು ತಿಂಗಳ ನಂತರ ಬಿಡುಗಡೆ. ನೊಬೆಲ್ ಹಣವನ್ನು ನಾಜಿಗಳ ಹಿಡಿತದ ಬ್ಯಾಂಕಿಗೆ ಒಪ್ಪಿಸಿ ಬರಿಗೈಯಲ್ಲಿ ದೇಶ ಬಿಡಬೇಕಾಯಿತು. 1940ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ಆಶ್ರಯವಿತ್ತಿತು. ಹಿಂದೆ ಉಳಿದಿದ್ದ ಪತ್ನಿ ಮರುವರ್ಷ ಬಂದು ಸೇರಿದರು. ಅಲ್ಲಿಯೇ 1961ರ ಡಿಸೆಂಬರ್ 25ರಂದು ತಮ್ಮ 88ನೆಯ ವಯಸ್ಸಿನಲ್ಲಿ ಲೋವಿಯವರು ಕಾಲವಾದರು.