ಕೆಲಸದ ನಿಯಮ ಬಾಗಿಲಲ್ಲೇ ಕಾಣಬೇಕೆಂದ ಕಾನೂನು

ಬಿ.ಆರ್. ಅಂಬೇಡ್ಕರ್ ಅವರನ್ನು ನಾವು ಸಂವಿಧಾನ ಶಿಲ್ಪಿಯೆಂದು ಸ್ಮರಿಸುತ್ತೇವೆ. ಅದಕ್ಕೂ ಮುನ್ನ, 1942ರ ಜುಲೈನಿಂದ 1946ರವರೆಗೆ, ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಅವರು ಕಾರ್ಮಿಕ ಖಾತೆ ನಿರ್ವಹಿಸಿದ್ದನ್ನು ನೆನೆಯುವವರು ಕಡಿಮೆ. ಅರ್ಥಶಾಸ್ತ್ರ ಓದಿ, ಬಳಿಕ ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಕಳೆದ ನನಗೆ ಅವರ ಬದುಕಿನ ಈ ನಾಲ್ಕು ವರ್ಷಗಳು ವಿಶೇಷವಾಗಿ ಕಾಣುತ್ತವೆ.

1891ರಲ್ಲಿ ಮಹೂವಿನಲ್ಲಿ ಜನಿಸಿದ ಅವರು ಕೊಲಂಬಿಯಾ ವಿಶ್ವವಿದ್ಯಾಲಯ ಹಾಗೂ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ ಅಭ್ಯಸಿಸಿದರು. ರೂಪಾಯಿಯ ಸಮಸ್ಯೆ ಕುರಿತ ಅವರ ಗ್ರಂಥ 1923ರಲ್ಲಿ ಪ್ರಕಟವಾಯಿತು. ಆದರೆ ದುಡಿಯುವವರ ಬವಣೆಯನ್ನು ಅವರು ಗ್ರಂಥಗಳಿಂದಷ್ಟೇ ಅರಿತವರಲ್ಲ. ಮುಂಬೈನ ಪರೇಲ್‌ನಲ್ಲಿ ಕಾರ್ಮಿಕರ ಚಾಳಿನಲ್ಲಿ ವರ್ಷಗಟ್ಟಲೆ ವಾಸಿಸಿದ್ದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ಮುಂಬೈಯಲ್ಲಿ ನಡೆದ ಮುಷ್ಕರದ ಮುಂಚೂಣಿಯಲ್ಲಿದ್ದರು.

ಬೀದಿಯಲ್ಲಿ ಕೇಳಿದ್ದನ್ನು ಅಧಿಕಾರ ಬಂದಾಗ ಅವರು ಕಾನೂನಿಗೆ ಇಳಿಸಿದರು. 1945ರಲ್ಲಿ ಕಾರ್ಖಾನೆ ಕಾರ್ಮಿಕರಿಗೆ ವರ್ಷಕ್ಕೆ 10 ದಿನಗಳ ಸಂಬಳಸಹಿತ ರಜೆ ದೊರೆಯಿತು. 1946ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 54ರಿಂದ 48 ಗಂಟೆಗೆ ಇಳಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳ) ಕಾಯ್ದೆ ಅಷ್ಟಾಗಿ ಚರ್ಚೆಗೆ ಬಂದದ್ದಿಲ್ಲ. ನೂರು ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಹಾಜರಿ, ರಜೆ, ದುರ್ನಡತೆ, ವಜಾ ಇವುಗಳ ನಿಯಮಗಳನ್ನು ಮಾಲೀಕ ಬರೆದು ಸರ್ಕಾರದ ಅಧಿಕಾರಿಗೆ ಸಲ್ಲಿಸಬೇಕಿತ್ತು. ಅಧಿಕಾರಿ ಕಾರ್ಮಿಕರ ಆಕ್ಷೇಪಣೆ ಆಲಿಸಿ ದೃಢೀಕರಿಸಿದ ಮೇಲೆ, ಅವು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಪ್ರವೇಶದ್ವಾರದ ಬಳಿ ಫಲಕದಲ್ಲಿ ಕಾಣಬೇಕಿತ್ತು. ನಿಯಮ ನ್ಯಾಯೋಚಿತವೇ ಎಂದು ಪರಿಶೀಲಿಸುವ ಅಧಿಕಾರ ದೊರೆತದ್ದು 1956ರ ತಿದ್ದುಪಡಿಯಿಂದ. ಅಂಬೇಡ್ಕರ್ ನಿಧನರಾದದ್ದೂ ಆ ವರ್ಷದ ಡಿಸೆಂಬರ್ 6ರಂದೇ.

ಈ ಕಾಯ್ದೆಯಿಂದ ಕರ್ನಾಟಕ ಸರ್ಕಾರ ಮಾಹಿತಿ ತಂತ್ರಜ್ಞಾನ ಕ್ಷೇತ್ರಕ್ಕೆ ವಿನಾಯಿತಿ ನೀಡಿ, 2014ರಲ್ಲೂ 2019ರಲ್ಲೂ ಅದನ್ನು ಮುಂದುವರಿಸಿತು. ಲೈಂಗಿಕ ಕಿರುಕುಳ ತಡೆ ಸಮಿತಿ, ಕುಂದುಕೊರತೆ ಸಮಿತಿ, ವಜಾ ಪ್ರಕರಣಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಒದಗಿಸುವುದು ಇದರ ಷರತ್ತುಗಳಾಗಿದ್ದವು. 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಾಗಿ ಹಳೆಯ ಕಾಯ್ದೆ ಅದರಲ್ಲಿ ವಿಲೀನಗೊಂಡಿತು. ಈಗ ಸ್ಥಾಯಿ ಆದೇಶ ಕಡ್ಡಾಯವಾಗುವುದು 300 ಕಾರ್ಮಿಕರಿದ್ದಾಗ ಮಾತ್ರ.

ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ಸಣ್ಣ ಕಚೇರಿಗಳು ಈ ಮಿತಿಯ ಹೊರಗೇ ಉಳಿಯುತ್ತವೆ. ಹಾಗೆಂದು ಅಲ್ಲಿ ಮಾಲೀಕನ ಬಾಯಿಮಾತೇ ನಿಯಮವಾಗಬೇಕಿಲ್ಲ. 1961ರ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಲಿಖಿತ ನೇಮಕಾತಿ ಆದೇಶವನ್ನು ಕಡ್ಡಾಯಗೊಳಿಸಿದೆ. ನಿಯಮ ಮೊದಲೇ ಬರೆದಿದ್ದರೆ ನೌಕರನಿಗೆ ತನ್ನ ಹಕ್ಕು ತಿಳಿಯುತ್ತದೆ. ಮಾಲೀಕನ ಶಿಸ್ತುಕ್ರಮವೂ ನ್ಯಾಯಾಲಯದಲ್ಲಿ ನಿಲ್ಲುತ್ತದೆ. ಕಾನೂನಿನ ಒತ್ತಾಯವಿಲ್ಲದಿದ್ದರೂ ನಮ್ಮ ಉದ್ಯಮಿಗಳು ತಮ್ಮ ನಿಯಮಗಳನ್ನು ನೌಕರರೊಂದಿಗೆ ಚರ್ಚಿಸಿ, ಕನ್ನಡದಲ್ಲೂ ಬರೆಸಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಅಂಬೇಡ್ಕರ್ ಅವರ ಭಾವಚಿತ್ರಕ್ಕೆ ವರ್ಷಕ್ಕೊಮ್ಮೆ ಹಾರ ಹಾಕುವ ಕಚೇರಿಗಳಿಗೆ ಇದು ಕಷ್ಟದ ಕೆಲಸವೇನಲ್ಲ.